ಎರಡು ಸೆಕೆಂಡಿನ ಸಾಲು

ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಜಯಶೀಲನಿಗೆ ಅಂದು ಸಂತೋಷವಾಗಲಿಲ್ಲ. ಹನ್ನೆರಡು ವರ್ಷಗಳ ಓಡಾಟದಲ್ಲಿ ಆ ಸೀಟು ಸಿಕ್ಕಾಗಲೆಲ್ಲ ಅವನು ಯಾರನ್ನೋ ಗೆದ್ದವನ ಹಾಗೆ ಕೂರುತ್ತಿದ್ದ, ಥಾಣೆ ಬರುವವರೆಗೆ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತಿದ್ದ. ಇಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಒಂದಿಂಚು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ತುದಿಗೆ ಅಂಟಿಕೊಂಡಿದ್ದವನೊಬ್ಬ "ಥೋಡಾ ಸರಕೋ" ಎಂದ. ಸರಿಯಲು ಜಾಗವಿರಲಿಲ್ಲ, ಆದರೂ ಜಯಶೀಲ ಸರಿದಂತೆ ಮಾಡಿದ. ಈ ಗಾಡಿಯಲ್ಲಿ ಅಷ್ಟು ಮಾಡಿದರೆ ಮರ್ಯಾದೆ ಉಳಿಯುತ್ತದೆ. ಹೋದ ಗುರುವಾರ ಇದೇ ಗಾಡಿಯ ಇಂಥದೇ ಸೀಟಿನಲ್ಲಿ, ಮುಂಬ್ರಾದ ಗುಡ್ಡ ಹಿಂದೆ ಬಿದ್ದು ಕಲ್ವಾ ಬರುವುದರೊಳಗೆ, ಅವನು ಪ್ರೋಗ್ರಾಮಿನ ಆ ಒಂದು ಸಾಲನ್ನು ಬರೆದಿದ್ದ. ಬರೆಯಲು ಹಿಡಿದದ್ದು ಅರ್ಧ ನಿಮಿಷ. ಇಂದು ಮಂಗಳವಾರ, ಹನ್ನೊಂದಕ್ಕೆ ಮೀಟಿಂಗು, ಆ ಸಾಲಿನ ವಿಷಯ ಗೊತ್ತಿರುವುದು ಅವನೊಬ್ಬನಿಗೇ ಎಂದು ಅವನು ನಂಬಿದ್ದ.

ಐರೋಲಿಯ ಅವನ ಕಂಪನಿ ಕೆಮಿಕಲ್ ಕಾರ್ಖಾನೆಗಳಿಗೆ ಗ್ಯಾಸ್ ಸೋರಿಕೆಯ ಅಲಾರಂ ಪೆಟ್ಟಿಗೆ ಮಾಡುತ್ತದೆ. ಒಂದು ಪೆಟ್ಟಿಗೆಗೆ ಇಪ್ಪತ್ತು ಸೆನ್ಸರು. ಹತ್ತು ವರ್ಷಗಳಿಂದ ಅದರ ಪ್ರೋಗ್ರಾಮು ಸಿ ಭಾಷೆಯಲ್ಲಿತ್ತು, ಬರೆದವನು ಜಯಶೀಲ. ಈ ವರ್ಷ, ಅಂದರೆ ೨೦೧೯ರಲ್ಲಿ, ಅದನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಬೇಕೆಂದು ಮೇಲಿನವರು ತೀರ್ಮಾನಿಸಿದರು. ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ಮತ್ತೆ ಅಕ್ಷರಾಭ್ಯಾಸಕ್ಕೆ ಕೂತ. ರಸ್ಟ್ ಒಂದು ವಿಚಿತ್ರ ಭಾಷೆ. ಕೆಲಸವೊಂದು ಮುಗಿಯುವ ತನಕ ಕಾಯುವುದಕ್ಕೆ ಹೊಸ ಪದವೊಂದನ್ನು ಹೋದ ತಿಂಗಳಷ್ಟೇ ಕೊಟ್ಟಿತ್ತು. ಆದರೆ ಹಾಗೆ ಕಾಯುತ್ತಿರುವ ಹತ್ತಾರು ಕೆಲಸಗಳನ್ನು ನೋಡಿಕೊಳ್ಳುವವನನ್ನು ನೀವೇ ಹೊರಗಿನಿಂದ ತಂದುಕೊಳ್ಳಿ ಎಂದು ಕೈ ತೊಳೆದುಕೊಂಡಿತ್ತು. ಆ ನೋಡಿಕೊಳ್ಳುವವನಿಗೆ ರನ್‌ಟೈಮ್ ಎಂದು ಹೆಸರು. ಅವರ ಕೆಲಸಕ್ಕೆ ಒಗ್ಗುವಂಥವು ಎರಡಿದ್ದವು. ಆಫೀಸಿನಲ್ಲಿ ಅವುಗಳನ್ನು ದೊಡ್ಡದು, ಸಣ್ಣದು ಎಂದೇ ಕರೆಯುತ್ತಿದ್ದರು. ದೊಡ್ಡದನ್ನು ಬಹಳ ಜನ ಬಳಸುತ್ತಾರೆ, ಏನು ತೊಡಕು ಬಂದರೂ ಯಾರೋ ಆಗಲೇ ಕೇಳಿ ಉತ್ತರ ಪಡೆದಿರುತ್ತಾರೆ. ಸಣ್ಣದು ಹೊಸದು, ಓದಲು ಹಗುರ. ಒಮ್ಮೆ ಒಂದನ್ನು ಆರಿಸಿಕೊಂಡರೆ ಮುಂದಿನದೆಲ್ಲ ಅದರ ಮೇಲೆ ಕಟ್ಟಿದ್ದು, ಮತ್ತೆ ಬದಲಾಯಿಸುವುದು ಮನೆಯ ಅಡಿಪಾಯ ಬದಲಾಯಿಸಿದ ಹಾಗೆ. ಜಯಶೀಲ ದೊಡ್ಡದು ಎಂದಿದ್ದ. ಮಲ್ಲಿಕಾ ಸಣ್ಣದು ಎಂದಳು.

ಮಲ್ಲಿಕಾ ಜೂನ್‌ನಲ್ಲಿ ಸೇರಿದವಳು, ಇಪ್ಪತ್ತನಾಲ್ಕು ವರ್ಷ, ಪ್ರೊಬೇಷನ್ ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಪ್ಪ ಯಂಕಣ್ಣ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕಲ್ವಾದಲ್ಲಿ ನೆಲೆನಿಂತವನು. "ಈ ಬಿಲ್ಡಿಂಗಿನ ನಾಕನೇ ಸ್ಲ್ಯಾಬ್ ನಮ್ಮಪ್ಪ ಹಾಕ್ಯಾನ್ರಿ ಸರ" ಎಂದು ಸೇರಿದ ವಾರದಲ್ಲೇ ಆಫೀಸಿನ ನೆಲವನ್ನು ಚಪ್ಪಲಿಯಿಂದ ತಟ್ಟಿ ಹೇಳಿದ್ದಳು. ಹೇಳಲು ಅವಳಿಗೆ ಸಂಕೋಚವಾಗಲಿಲ್ಲ, ಕೇಳಲು ಜಯಶೀಲನಿಗಾಯಿತು. ತನ್ನದು ಉಡುಪಿ ಕಡೆ, ಮನೆಯಲ್ಲಿ ತುಳು, ನಮ್ಮ ಕನ್ನಡ ಬೇರೆ ಎಂದು ಅವನು ಅನಗತ್ಯವಾಗಿ ವಿವರಿಸಿದ. ಅವಳು ನಕ್ಕು "ಬ್ಯಾರೆ ಇದ್ರ ಏನಾತ್ರಿ, ತಿಳೀತದಲ್ಲ" ಎಂದಿದ್ದಳು. ಎರಡು ತಿಂಗಳಲ್ಲಿ ಪೆಟ್ಟಿಗೆಯ ಹೊಸ ಪ್ರೋಗ್ರಾಮಿನ ಮೊದಲ ರೂಪವನ್ನು ಸಣ್ಣದರ ಮೇಲೆ ಬರೆದು ಮುಗಿಸಿದಳು. ಜಯಶೀಲ ಅದನ್ನು ಓದಿದ. ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅವಳು ಬೋರ್ಡಿನ ಮೇಲೆ ಬರೆದು ವಿವರಿಸುವಾಗ ಅವನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ, ಒಂದೆರಡು ಕಡೆ ಅವಳ ಇಂಗ್ಲಿಷನ್ನು ತಿದ್ದಿದ ಕೂಡ. ಆ ತಲೆಯಾಡಿಸುವಿಕೆಯೇ ತನ್ನನ್ನು ಕೆಡಿಸಿದ್ದು ಎಂದು ಈಗ ಕಿಟಕಿಯ ಸರಳು ಹಿಡಿದು ಕೂತವನಿಗೆ ಅನ್ನಿಸುತ್ತಿತ್ತು. ಒಂದು ಸಲ 'ಇದು ನನಗೆ ಗೊತ್ತಾಗಲಿಲ್ಲ' ಎಂದಿದ್ದರೆ ಗಂಟೇನು ಹೋಗುತ್ತಿತ್ತು?

ಹೊಸದಾಗಿ ಬಂದ ಸೆನ್ಸರುಗಳು ಎಚ್ಚರಗೊಂಡ ಕೂಡಲೇ ತಪ್ಪು ಲೆಕ್ಕ ಹೇಳುತ್ತಿದ್ದವು. ಪ್ರತಿ ಸಲ ಓದುವ ಮೊದಲು ಅವಕ್ಕೆ ಎರಡು ಸೆಕೆಂಡು ಬಿಡುವು ಕೊಡಬೇಕಿತ್ತು. ಹೋದ ಗುರುವಾರ ಆ ಕೆಲಸ ಜಯಶೀಲನ ಪಾಲಿಗೆ ಬಂತು. ಎರಡು ಸೆಕೆಂಡು ಕಾಯುವುದಕ್ಕೆ ಎರಡು ದಾರಿ ಇದ್ದವು. ಒಂದು, ರನ್‌ಟೈಮಿಗೆ ಹೇಳಿ ಕಾಯುವುದು: ನಾನು ಎರಡು ಸೆಕೆಂಡು ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ನೀನು ಬೇರೆ ಸೆನ್ಸರುಗಳನ್ನು ನೋಡು. ಇನ್ನೊಂದು, ಅವನು ಇಪ್ಪತ್ತು ವರ್ಷ ಬರೆದುಕೊಂಡು ಬಂದದ್ದು: ಯಾರಿಗೂ ಏನೂ ಹೇಳದೆ ಎರಡು ಸೆಕೆಂಡು ನಿಂತಲ್ಲೇ ನಿದ್ದೆ ಹೋಗುವುದು. ಮೊದಲನೆಯದನ್ನು ಮಲ್ಲಿಕಾ ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು, ಅವನು ತಲೆಯಾಡಿಸಿದ್ದ. ನೆನಪಾಗಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಕಲ್ವಾಕ್ಕೆ ಮೊದಲು ಸಿಗುವ ಖಾಡಿಯ ಕಪ್ಪು ಹಿನ್ನೀರು ಕಿಟಕಿಯಲ್ಲಿ ಹಾದುಹೋಗುತ್ತಿದ್ದಾಗ ಅವನ ಬೆರಳುಗಳು ಹಳೆಯ ಸಾಲನ್ನು ತಾವಾಗಿ ಬರೆದುಬಿಟ್ಟವು.

ಒಲೆಯ ಎದುರು ನಿಲ್ಲಬಾರದು. ಇದು ಜಯಶೀಲನ ಅಪ್ಪನ ಮಾತು, ತುಳುವಿನಲ್ಲಿ: "ದಿಕ್ಕೆಲ್‌ದ ಎದುರು ಉಂತೊಡ್ಚಿ." ಥಾಣೆಯ ನೌಪಾಡಾದಲ್ಲಿ ಅಪ್ಪನ ಹೋಟೆಲಿತ್ತು, ಹದಿನಾಲ್ಕು ಮೇಜು, ಈಗ ಅಲ್ಲಿ ಮೊಬೈಲ್ ಅಂಗಡಿ. ಹೋಟೆಲಿನಲ್ಲಿ ಮಾಣಿಯಾಗಿ ಬಂದವರಿಗೆ ಅಪ್ಪ ಮೊದಲು ಕಲಿಸುತ್ತಿದ್ದ ಪಾಠ ಅದೊಂದೇ. ಆರ್ಡರ್ ಕೂಗಿ ಹೇಳು, ಹೊರಡು, ಬೇರೆ ಮೇಜು ನೋಡು, ದೋಸೆ ಆದಾಗ ಭಟ್ಟರು ಕರೆಯುತ್ತಾರೆ. ಶಂಭು ಎಂಬವನೊಬ್ಬ ಇದ್ದ. ಏಳು ಮೇಜಿನ ಆರ್ಡರನ್ನು ಒಂದೂ ಬರೆದುಕೊಳ್ಳದೆ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಅವನು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಕಾಲೇಜು ರಜೆಯಲ್ಲಿ, ಹತ್ತೊಂಬತ್ತರ ಜಯಶೀಲ ಅವನ ಕೈಕೆಳಗೆ ಕೆಲಸಕ್ಕೆ ನಿಂತ. ಒಂದು ಭಾನುವಾರ ಬ್ಯಾಂಕಿನ ಆಫೀಸರೊಬ್ಬರು ರವೆ ದೋಸೆ ಹೇಳಿದರು. ದೊಡ್ಡ ಮನುಷ್ಯರು, ಬಿಸಿಯಾಗಿ ಒಯ್ಯೋಣ ಎಂದು ಅವನು ಒಲೆಯ ಎದುರೇ ನಿಂತುಬಿಟ್ಟ. ಹಿಂದೆ ಐದು ಮೇಜಿನವರು ನೀರು ಕೂಡ ಇಲ್ಲದೆ ಕೂತಿದ್ದರು, ಎರಡು ಸಂಸಾರ ಎದ್ದು ಹೋಯಿತು. ಅಪ್ಪ ಗಲ್ಲಾದಿಂದ ಎದ್ದು ಬಂದು ಎಲ್ಲರೆದುರು ಬೈದದ್ದು ಶಂಭುವಿಗೆ, ಏಕೆಂದರೆ ಮೇಜುಗಳು ಶಂಭುವಿನವು. ಶಂಭು ಏನೂ ಹೇಳಲಿಲ್ಲ. ಜಯಶೀಲನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಶಂಭು ಎಂದಿನಂತೆ ಅವನ ಎಲೆಗೆ ಹಪ್ಪಳ ಹಾಕಿದ, ಅವತ್ತು ಜಯಶೀಲ ಆ ಹಪ್ಪಳವನ್ನು ಎಲೆಯ ಅಂಚಿಗೆ ಸರಿಸಿಟ್ಟ. ಮೀಟಿಂಗುಗಳಲ್ಲಿ ರನ್‌ಟೈಮ್ ಎಂದರೇನೆಂದು ವಿವರಿಸುವಾಗ ಜಯಶೀಲ ಈ ಹೋಟೆಲಿನ ಕಥೆಯನ್ನೇ ಹೇಳುತ್ತಿದ್ದ, ಆ ಭಾನುವಾರವನ್ನು ಬಿಟ್ಟು. ಎಲ್ಲರೂ ಮೆಚ್ಚುತ್ತಿದ್ದರು. ಲೋಕಕ್ಕೆಲ್ಲ ಹೇಳಿಕೊಂಡು ತಿರುಗಿದ ಪಾಠವನ್ನು ತಾನೇ ತಪ್ಪಿದ್ದನಲ್ಲ ಎಂದು ಇಂದು ಥಾಣೆಯಲ್ಲಿ ಇಳಿಯುವಾಗ ಅವನಿಗೆ ನಗುವೂ ಬಂತು.

ಸಾಲು ಬರೆದ ಮರುದಿನ, ಶುಕ್ರವಾರ, ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಬಣ್ಣದ ಕಾರ್ಖಾನೆಯೊಂದರಿಂದ ಇಬ್ಬರು ಬಂದಿದ್ದರು, ಪೆಟ್ಟಿಗೆ ನೋಡಲು. ಇಪ್ಪತ್ತನೆಯ ಸೆನ್ಸರಿನ ಮೂತಿಗೆ ಮಲ್ಲಿಕಾ ಪರೀಕ್ಷೆಯ ಗ್ಯಾಸ್ ಬಿಟ್ಟಳು. ಎಲ್ಲರೂ ಅಲಾರಂ ಗಂಟೆಯ ಕಡೆ ನೋಡಿದರು. ಗಂಟೆ ಬಾರಿಸಲಿಲ್ಲ. ಪೆಟ್ಟಿಗೆಯೊಳಗಿನದು ಅಗ್ಗದ ಬೋರ್ಡು, ಇಪ್ಪತ್ತೂ ಸೆನ್ಸರುಗಳನ್ನು ನೋಡುವ ಕೆಲಸದವನು ಅದರಲ್ಲಿ ಒಬ್ಬನೇ. ಅವನು ಪ್ರತಿ ಸೆನ್ಸರಿನ ಎದುರು ಎರಡು ಸೆಕೆಂಡು ನಿದ್ದೆ ಹೋಗುತ್ತಾನೆ. ಇಪ್ಪತ್ತು ಎರಡಲಿ ನಲವತ್ತು. ಗಂಟೆ ಬಾರಿಸುವುದಕ್ಕೆ ಮೊದಲೇ ಜಯಶೀಲನಿಗೆ ಅರ್ಥವಾಗಿತ್ತು. ಗಂಟೆ ಬಾರಿಸಿದಾಗ ಬಂದವರಲ್ಲಿ ಹಿರಿಯನು ಗಡಿಯಾರ ನೋಡಿ "ಚಾಲೀಸ್ ಸೆಕೆಂಡ್" ಎಂದ, ಬೈಯುವ ದನಿಯಲ್ಲಲ್ಲ, ಬರೀ ಸಮಯ ಹೇಳುವವನ ಹಾಗೆ. ಮ್ಯಾನೇಜರ್ ಪೃಥ್ವಿರಾಜ್ ಮಲ್ಲಿಕಾಳ ಕಡೆ ತಿರುಗಿ "ಬೋಲಾ ಥಾ ನಾ, ಛೋಟಾ ವಾಲಾ ನಹೀಂ ಚಲೇಗಾ" ಎಂದ, ಸಣ್ಣದು ನಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ ಎನ್ನುವ ಹಾಗೆ. ಅವಳು ಗ್ಯಾಸಿನ ಡಬ್ಬಿ ಹಿಡಿದು ನಿಂತೇ ಇದ್ದಳು. ಆಗ ಜಯಶೀಲ ಸುಮ್ಮನಿದ್ದಿದ್ದರೂ ಒಂದು ಬಗೆಯಾಗುತ್ತಿತ್ತು. ಅವನು ಬಾಯಿ ಬಿಟ್ಟ. "ನಾನಂತೂ ಮೊದಲಿಂದ ದೊಡ್ಡದನ್ನೇ ಹೇಳಿದ್ದೆ" ಎಂದ. ಮಾತು ನಿಜವಾಗಿತ್ತು. ಅಷ್ಟು ನಿಜವಾದ ಮಾತಿನಿಂದ ಅಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಲವತ್ತು ಸೆಕೆಂಡು ಎಷ್ಟು ಎನ್ನುವುದು ಅವನ ಮನೆಯವರಿಗೂ ಗೊತ್ತು. ಎಂಐಡಿಸಿಯ ವಸತಿ ಭಾಗದಲ್ಲೇ ಅವರ ಫ್ಲ್ಯಾಟು. ಮೂರು ವರ್ಷದ ಹಿಂದೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಫೋಟವಾದಾಗ ಹಾಲ್‌ನ ಕಿಟಕಿಯ ಗಾಜು ಒಳಕ್ಕೆ ಬಂದು ಸೋಫಾದ ಮೇಲೆ ಸುರಿದಿತ್ತು. ಹೆಂಡತಿ ಸುಗುಣಾ ಒಂದು ನಿಮಿಷದ ಹಿಂದಷ್ಟೇ ಅಲ್ಲಿಂದ ಎದ್ದು ಕುಕ್ಕರ್ ಇಳಿಸಲು ಹೋಗಿದ್ದಳು. ಈಗಲೂ ಸೋಫಾದ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಚೂರು ಸಿಗುತ್ತದೆ, ಅವಳು ಅದನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಾಳೆ. ಆಫೀಸಿನ ಪೆಟ್ಟಿಗೆಯನ್ನು ಮನೆಗೆ ತಂದಿಟ್ಟುಕೊಂಡಿದ್ದ ಜಯಶೀಲ ಭಾನುವಾರ ಆ ಸೋಫಾದ ಮೇಲೆಯೇ ಕೂತು ಇಡೀ ಪ್ರೋಗ್ರಾಮನ್ನು ದೊಡ್ಡದಕ್ಕೆ ಬದಲಾಯಿಸಿದ. ತನ್ನ ಸಾಲನ್ನು ಹಾಗೇ ಬಿಟ್ಟಿದ್ದರೆ ದೊಡ್ಡದೂ ನಲವತ್ತು ಸೆಕೆಂಡೇ ತೆಗೆದುಕೊಳ್ಳುತ್ತಿತ್ತು. ಇದು ಅವನಿಗೆ ಗೊತ್ತಿತ್ತು, ಒಮ್ಮೆ ನಡೆಸಿಯೂ ನೋಡಿದ. ಆಮೇಲೆ ಆ ಸಾಲನ್ನು ಅಳಿಸಿ, ಸರಿಯಾಗಿ ಕಾಯುವ ಸಾಲನ್ನು ಪುಸ್ತಕ ನೋಡಿ ಬರೆದ. ಇನ್ನೂರ ಹದಿನಾಲ್ಕು ಸಾಲುಗಳು ಬದಲಾಗಿದ್ದವು, ಅವುಗಳ ನಡುವೆ ಅದೊಂದು ಅಳಿಸಿದ್ದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಪೆಟ್ಟಿಗೆ ಎರಡು ಸೆಕೆಂಡಿನಲ್ಲಿ ಗಂಟೆ ಬಾರಿಸಿತು. "ಎಂಥದು, ರಜೆಯಲ್ಲೂ ಗಂಟೆಯಾ?" ಎಂದು ಸುಗುಣಾ ಅಡುಗೆಮನೆಯಿಂದ ಕೇಳಿದಳು. ಪೆಟ್ಟಿಗೆ ಸರಿಯಾಯಿತು, ಇನ್ನು ಯಾರ ಜೀವಕ್ಕೂ ಅಪಾಯವಿಲ್ಲ, ಅಷ್ಟು ಸಾಕಲ್ಲ ಎಂದು ಅವನು ತನಗೇ ಹೇಳಿಕೊಂಡ. ಸಾಕಾಗಲಿಲ್ಲ. ರಾತ್ರಿ ಸುಗುಣಾ ಬಡಿಸಿದ ಕೋರಿ ರೊಟ್ಟಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದ.

ಮಂಗಳವಾರ ಹನ್ನೊಂದಕ್ಕೆ ಮೀಟಿಂಗು ಶುರುವಾಗಿ ಹನ್ನೊಂದೂ ಹತ್ತಕ್ಕೆ ಮುಗಿದ ಹಾಗೆಯೇ. ಪೃಥ್ವಿರಾಜ್ ಮೂವತ್ತನಾಲ್ಕರವನು, ಜಯಶೀಲನ ಊರಿನ ಕಡೆಯವನೇ, ಆದರೆ ಹುಟ್ಟಿದ್ದು ಥಾಣೆಯಲ್ಲಿ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. 'ಜಯಶೀಲಣ್ಣ' ಎನ್ನುವುದೊಂದೇ ಅವನ ಬಾಯಲ್ಲಿ ಉಳಿದಿದ್ದ ಊರು. ಪರದೆಯ ಮೇಲೆ ಎರಡು ಕಂಬಗಳ ಚಿತ್ರ: ಸಣ್ಣದು ನಲವತ್ತು, ದೊಡ್ಡದು ಎರಡು. "ಜಯಶೀಲಣ್ಣ ನೇ ಸಂಡೇ ಕೋ ಬೈಠ್ ಕೇ ಕಿಯಾ" ಎಂದು ಅವನು ಜಯಶೀಲನ ಭಾನುವಾರದ ದುಡಿಮೆಗೆ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು, ಮಲ್ಲಿಕಾಳೂ. ದೊಡ್ಡದೇ ಎಂದು ತೀರ್ಮಾನವಾಯಿತು. ಆಮೇಲೆ ಪೃಥ್ವಿರಾಜ್ ದನಿ ತಗ್ಗಿಸಿ, ಮಲ್ಲಿಕಾಳ ಪ್ರೊಬೇಷನ್ ಇನ್ನು ಮೂರು ತಿಂಗಳು ಮುಂದುವರಿಯಲಿ, ಅಷ್ಟು ದಿನ ಟೆಸ್ಟಿಂಗಿನಲ್ಲಿ ಇರಲಿ, ಊಟದ ನಂತರ ಎಚ್‌ಆರ್‌ಗೆ ಹೇಳುತ್ತೇನೆ ಎಂದ. ಕೆಟ್ಟವನಲ್ಲ ಅವನು, ಅದನ್ನು ಹೇಳಲು ಅವನಿಗೂ ಕಷ್ಟವಾಯಿತು. "ಕುಛ್ ಬೋಲನಾ ಹೈ?", ಹೇಳುವುದೇನಾದರೂ ಇದೆಯೇ ಎಂದು ಅವಳನ್ನು ಕೇಳಿದ. ಮಲ್ಲಿಕಾ ಜಯಶೀಲನ ಕಡೆ ನೋಡಿದಳು. ಜಯಶೀಲ ಪರದೆಯ ಕಡೆ ನೋಡಿದ. ಅಲ್ಲಿ ಎರಡರ ಕಂಬ ಎಷ್ಟು ಗಿಡ್ಡವಾಗಿತ್ತೆಂದರೆ ಕಂಬವೆಂದೇ ಅನ್ನಿಸುತ್ತಿರಲಿಲ್ಲ. "ಇಲ್ಲ ಸರ್" ಎಂದಳು ಅವಳು.

ಜಯಶೀಲ ಊಟಕ್ಕೆ ಹೋಗಲಿಲ್ಲ. ಗೇಟಿನ ಹೊರಗಿನ ಚಹಾದ ಟಪ್ಪರಿಯಲ್ಲಿ ಅವನು ಅರ್ಧ ಗ್ಲಾಸಿನ ಕಟಿಂಗ್ ಹಿಡಿದು ನಿಂತಿದ್ದಾಗ ಮಲ್ಲಿಕಾ ತಾನಾಗಿ ಬಂದಳು. ಕೋಪದಲ್ಲಿರಲಿಲ್ಲ. ಅದು ಅವನನ್ನು ಹೆದರಿಸಿತು. ಅವಳೂ ಒಂದು ಕಟಿಂಗ್ ಹೇಳಿ, ಗ್ಲಾಸು ಕೈಗೆ ಬರುವವರೆಗೆ ರಸ್ತೆ ನೋಡುತ್ತ ನಿಂತಳು.

"ಬೋರ್ಡ್ ಮ್ಯಾಲೆ ಬರದು ತೋರ್ಸಿದ್ದೆನಲ್ರಿ ಸರ, ಕಾಯೋದು" ಎಂದಳು. "ತಿಳಿದಿರಲಿಲ್ಲೇನು?"

ಜಯಶೀಲನ ಕೈಯಲ್ಲಿ ಗ್ಲಾಸು ಸುಡುತ್ತಿತ್ತು. "ಯಾವಾಗ ನೋಡಿದ್ದು ನೀನು?"

"ಶುಕ್ರವಾರ ಸಂಜೀಗೇ. ಅವರು ಹೋದ ಮ್ಯಾಲೆ ಕುಂತು ಎಲ್ಲಾ ಸಾಲು ನೋಡಿದೆ. ಬಾಜೂಕ ಬರದವರ ಹೆಸರು ಇರ್ತದಲ್ಲ, ತಾರೀಖು, ಟೈಮು. ಎಂಟೂ ಮೂವತ್ತೊಂದು. ಆವಾಗ ನೀವು ಗಾಡಿಯಾಗ ಇರ್ತೀರಿ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನಾ ಹೇಳಿದ್ರ, ತನ್ನ ತಪ್ಪು ಮುಚ್ಕೊಳ್ಳಾಕ ದೊಡ್ಡವರ ಮ್ಯಾಲೆ ಹಾಕ್ಲಿಕ್ಕತ್ಯಾಳ ಅಂತಿದ್ರು." ಅವಳು ಚಹಾ ಊದಿದಳು. "ಮತ್ತ... ನೀವ ಹೇಳ್ತೀರಿ ಅಂತ ಕುಂತಿದ್ದೆ ಸರ. ಶನಿವಾರ ಕಾದೆ. ಐತವಾರ ನಿಮ್ಮ ಇನ್ನೂರು ಸಾಲು ಬಂದ್ವು, ನೋಡಿದೆ, ಅದನ್ನ ತೆಗದಿದ್ರಿ. ಆತು, ಸೋಮವಾರ ಹೇಳ್ತಾರ ಅಂದ್ಕೊಂಡೆ. ಇವತ್ತು ಒಳಗ ಕುಂತಾಗ್ಲೂ ಅಂದ್ಕೊಂಡೆ."

ರಿಕ್ಷಾ ಒಂದು ಅವರಿಬ್ಬರ ಪಕ್ಕದಲ್ಲಿ ನಿಂತು, ಯಾರೂ ಹತ್ತದಿದ್ದುದನ್ನು ನೋಡಿ ಮುಂದೆ ಹೋಯಿತು. ಜಯಶೀಲನಿಗೆ ನಾಚಿಕೆಯಾಯಿತು. ಮುಖ ಬಿಸಿಯಾಗುವಂಥ, ಹತ್ತೊಂಬತ್ತರ ವಯಸ್ಸಿನ ನಾಚಿಕೆ. ತನಗೆ ಗೊತ್ತಾಗಲಿಲ್ಲ ಎನ್ನಲು ಹೊರಟವನು "ನನಗೆ ಮರೆತುಹೋಗಿತ್ತು" ಎಂದ. ಅದೂ ಪೂರ್ತಿ ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು, ಅವಳು ಕೆದಕಲಿಲ್ಲ.

"ದೊಡ್ಡದ ಇರಲಿ ಸರ, ನಂದೇನಿಲ್ಲ" ಎಂದಳು. "ಅದೂ ಛಲೋನ ಅದ. ಟೆಸ್ಟಿಂಗ್ ಮಾಡು ಅಂದ್ರ ಅದನ್ನೂ ಮಾಡ್ತೀನಿ, ಕೆಲಸ ಅಂದ್ರ ಕೆಲಸ. ಆದ್ರ ಸಣ್ಣದು ತಪ್ಪು ಮಾಡಿಲ್ಲ." ಖಾಲಿ ಗ್ಲಾಸನ್ನು ಟಪ್ಪರಿಯವನ ಹಲಗೆಯ ಮೇಲಿಟ್ಟು ಅವಳು ಗೇಟಿನ ಕಡೆ ನಡೆದಳು. ಅವನ ಚಹಾಕ್ಕೂ ಸೇರಿಸಿ ಕೊಟ್ಟಿದ್ದಾಳೆಂದು ಆಮೇಲೆ ಗೊತ್ತಾಯಿತು.

ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ. ಮೊದಲ ಮಹಡಿ, ಎರಡನೆಯದು, ಏದುಸಿರು ಬಂತು. ಹೇಳಿದರೆ ಏನಾಗುತ್ತದೆ ಎಂಬುದನ್ನು ಹತ್ತುತ್ತ ಹತ್ತುತ್ತ ನೋಡಿಕೊಂಡ. ಕೆಲಸವೇನೂ ಹೋಗುವುದಿಲ್ಲ. ಇಪ್ಪತ್ತು ವರ್ಷದ ಅನುಭವಿ ಹೊಸಬರು ಮಾಡುವ ತಪ್ಪು ಮಾಡಿದ, ಮಾಡಿ ಮುಚ್ಚಿಟ್ಟ, ಮುಚ್ಚಿಟ್ಟು ಚಪ್ಪಾಳೆ ತಟ್ಟಿಸಿಕೊಂಡ ಎಂದು ಆಗುತ್ತದೆ. ಕ್ಯಾಂಟೀನಿನಲ್ಲಿ ಅವನು ಬಂದಾಗ ಮಾತು ಬದಲಾಗುತ್ತದೆ. ಹೋಟೆಲಿನ ಕಥೆಯನ್ನು ಇನ್ನು ಯಾರಿಗೂ ಹೇಳುವಂತಿಲ್ಲ. ಹೇಳದಿದ್ದರೆ ಅವಳು ಮೂರು ತಿಂಗಳು ಟೆಸ್ಟಿಂಗಿನಲ್ಲಿರುತ್ತಾಳೆ, ಆಮೇಲೆ ಬೇರೆ ಕಡೆ ಹೋಗುತ್ತಾಳೆ, ಹೋಗುವ ದಿನ ಪೇಢೆ ತಂದು ಅವನಿಗೂ ಕೊಡುತ್ತಾಳೆ. ಆ ಪೇಢೆ ತನ್ನ ಅಂಗೈಯಲ್ಲಿ ಇದ್ದ ಹಾಗೆಯೇ ಅವನಿಗೆ ಕಂಡಿತು. ನಾಲ್ಕನೆಯ ಮಹಡಿಯಲ್ಲಿ, ಯಂಕಣ್ಣ ಹಾಕಿದ ಸ್ಲ್ಯಾಬಿನ ಮೇಲೆ, ಕೈಕಂಬಿ ಹಿಡಿದು ಒಂದು ಕ್ಷಣ ಸುಧಾರಿಸಿಕೊಂಡ.

ಪೃಥ್ವಿರಾಜ್ ತನ್ನ ಗಾಜಿನ ಕ್ಯಾಬಿನ್ನಿನಲ್ಲಿ ಫೋನಿನಲ್ಲಿದ್ದ. ಎಚ್‌ಆರ್ ಜೊತೆಗೋ, ಬೇರೆಯವರ ಜೊತೆಗೋ, ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಜಯಶೀಲನನ್ನು ನೋಡಿ ಒಂದು ಬೆರಳೆತ್ತಿದ, ಒಂದು ನಿಮಿಷ ಎಂಬಂತೆ, ಮತ್ತೆ ಅದೇ ಬೆರಳಿನಿಂದ ಅವನ ಸೀಟಿನ ಕಡೆ ತೋರಿಸಿದ: ಹೋಗಿ ಕೂತಿರು, ಕರೆಯುತ್ತೇನೆ. ಜಯಶೀಲನ ಕಾಲುಗಳು ಆಗಲೇ ಅತ್ತ ತಿರುಗಿದ್ದವು. ಹೋಗಿ ಬೇರೆ ಕೆಲಸ ನೋಡುವುದು, ಕರೆದಾಗ ಬರುವುದು, ಅವು ಕಲಿತದ್ದು ಅಷ್ಟೇ. ಸೀಟಿನಲ್ಲಿ ಮೇಲ್ ಬಂದಿರುತ್ತದೆ, ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ, ಅಷ್ಟರಲ್ಲಿ ಯಾರೋ ಏನೋ ಕೇಳುತ್ತಾರೆ, ಸಂಜೆಯಾಗುತ್ತದೆ. ಈಗ ಸೀಟಿಗೆ ಹೋದರೆ ತಾನು ಮತ್ತೆ ಏಳುವುದಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಅವನು ತಿರುಗಿ ಗಾಜಿನ ಎದುರು ನಿಂತ. ಪೃಥ್ವಿರಾಜ್ ಹುಬ್ಬೇರಿಸಿದ, ಮತ್ತೆ ಬೆರಳೆತ್ತಿದ. ಜಯಶೀಲ ಕದಲಲಿಲ್ಲ. ಹಿಂದೆ ಕೀಲಿಮಣೆಗಳ ಸದ್ದು ಒಂದೊಂದಾಗಿ ಕಡಿಮೆಯಾಯಿತು. ಇಪ್ಪತ್ತು ಜನ ಅವನ ಬೆನ್ನನ್ನು ನೋಡುತ್ತಿದ್ದರು, ಅವರಲ್ಲಿ ಅವಳೂ ಒಬ್ಬಳು. ಅವನು ನಿಂತೇ ಇದ್ದ. ಫೋನು ಕೆಳಗಿಟ್ಟ ಪೃಥ್ವಿರಾಜ್ ಬಾಗಿಲು ತೆರೆದು "ಅರೇ, ಕ್ಯಾ ಹುವಾ ಜಯಶೀಲಣ್ಣ?" ಎಂದ, ಒಳಗೆ ಬರಲು ಕೈ ಮಾಡಿದ. ಜಯಶೀಲ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಹಿಂದೆ ಕೂತವಳಿಗೂ ಕೇಳಬೇಕೆಂದು ಕನ್ನಡದಲ್ಲೇ, ಸ್ವಲ್ಪ ಜೋರಾಗಿಯೇ ಹೇಳಿದ:

"ಸಣ್ಣದು ತಪ್ಪು ಮಾಡಿಲ್ಲ ಪೃಥ್ವಿ. ಮಾಡಿದ್ದು ನಾನು."